ನೆಟ್ಟಿಗೆ ಓಡುತ್ತಿದ್ದ ಮೇಷ್ಟ್ರು

ಹಾಸನದ ನಮ್ಮ ಟೆನಿಸ್ ಕೋರ್ಟು ಮೊದಲು ಮಣ್ಣಿನದು. ಸುಗ್ಗಿಯ ಕಣ ಮಾಡುವ ಹಾಗೆ ಸಗಣಿ ನೀರು ಬಳಿದು, ರೋಲರ್ ಎಳೆದು ಗಟ್ಟಿ ಮಾಡುತ್ತಿದ್ದೆವು. ಆ ನೆಲದಲ್ಲಿ ಚೆಂಡು ಮೊಣಕಾಲಿನ ಮೇಲೆ ಏಳುತ್ತಿರಲಿಲ್ಲ. ಅದಕ್ಕೇ ನನ್ನ ಜೋಡಿಯಾಗಿ ಆಡುತ್ತಿದ್ದ ಹೊಳೆನರಸೀಪುರದ ಗಣಿತದ ಮೇಷ್ಟ್ರು ಸರ್ವ್ ಹೊಡೆದ ಕೂಡಲೇ ನೆಟ್ಟಿಗೆ ಓಡುತ್ತಿದ್ದರು. ಚೆಂಡು ನೆಲ ಮುಟ್ಟುವ ಮೊದಲೇ ಮೆಲ್ಲಗೆ ತಟ್ಟಿ ಆಚೆ ಇಳಿಸಿಬಿಡುವರು. ಭಾನುವಾರ ಮೊದಲ ಬಸ್ಸಿಗೆ ಬಂದು, ಹನ್ನೊಂದರ ಬಸ್ಸಿಗೆ ವಾಪಸ್. ಹದಿನೆಂಟು ವರ್ಷ ಹೀಗೇ ನಡೆಯಿತು.

ಟಿವಿಯಲ್ಲಿ ಬರುವ ದೊಡ್ಡ ಪಂದ್ಯಗಳನ್ನೂ ನಮ್ಮ ಮನೆಯಲ್ಲಿ ಒಟ್ಟಿಗೇ ನೋಡಿದೆವು. ವರ್ಷ ಕಳೆದಂತೆ ಅಲ್ಲಿ ನೆಟ್ಟಿಗೆ ಬರುವವರು ಕಡಿಮೆಯಾದರು. ಹಗುರ ರಾಕೆಟ್ಟು, ಹೊಸ ತಂತಿ, ಎರಡು ಕೈಯ ಬ್ಯಾಕ್‌ಹ್ಯಾಂಡು. ಮುಂದೆ ಬಂದವನ ಪಕ್ಕದಲ್ಲೇ ಚೆಂಡು ನುಗ್ಗಿಸುವುದು ಸುಲಭವಾಯಿತು. ಎಲ್ಲರೂ ಹಿಂದಿನ ಗೆರೆಯಲ್ಲೇ ನಿಂತು ಹೊಡೆಯತೊಡಗಿದರು. "ಇದ್ಯಾವ್ ಆಟನಯ್ಯ, ರಾಗಿ ಬಡ್ದಂಗೆ" ಎಂದು ಮೇಷ್ಟ್ರು ರೇಗುವರು. ಕಾಲಕ್ಕೆ ತಕ್ಕ ಕೋಲ ಎಂದು ನಾನು ಚುಡಾಯಿಸುತ್ತಿದ್ದೆ.

ಆಮೇಲೆ ನಮ್ಮ ಕೋರ್ಟಿಗೂ ಸಿಮೆಂಟು ಬಂತು. ಚೆಂಡು ಭುಜದವರೆಗೆ ಎಗರತೊಡಗಿತು. ಮೇಷ್ಟ್ರು ಮಾತ್ರ ಓಡುವುದು ಬಿಡಲಿಲ್ಲ. ಚನ್ನರಾಯಪಟ್ಟಣದ ಜೋಡಿಯ ಎದುರು ಆಡಿದ ದಿನ ಚೆಂಡು ಅವರ ತಲೆ ಮೇಲೆ ಹಾರಿಹೋಗುವುದು, ಅದಕ್ಕೆ ನಾನು ಹಿಂದೆ ಏದುಸಿರು ಬಿಡುತ್ತ ಓಡುವುದು, ಇದೇ ಆಯಿತು. ಎಲ್ಲರ ಮುಂದೆ ಅಂದುಬಿಟ್ಟೆ: "ಮೇಷ್ಟ್ರೇ, ನಿಮ್ಮ ಆಟದ ಕಾಲ ಮುಗೀತು. ಸುಮ್ನೆ ಹಿಂದೆ ನಿಂತ್ಕಳಿ."

ನಾಲಿಗೆಗೆ ಎಲುಬಿಲ್ಲ ನೋಡಿ. ಅವರು ಹಿಂದೆ ಬಂದು ನಿಂತರು. ಆಟ ಮುಗಿಯುವವರೆಗೂ ಒಂದು ಹೆಜ್ಜೆ ಮುಂದೆ ಹೋಗಲಿಲ್ಲ. ನಾವು ಗೆದ್ದೆವು. ಮುಂದಿನ ಭಾನುವಾರ ಅವರು ಬರಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ಫೋನ್ ಮಾಡಿ ತಪ್ಪಾಯ್ತು ಅನ್ನಬೇಕಿತ್ತು. ಗೆಲ್ಲಿಸಿದವನು ನಾನು, ನಾನ್ಯಾಕೆ ಅನ್ನಲಿ ಎಂಬ ಜಂಬ. ಎರಡು ವರ್ಷ ಹಾಗೇ ಕಳೆದೆ.

ಈ ವರ್ಷ ಒಂದು ಸಂಜೆ ಟಿವಿಯಲ್ಲಿ ಹೊಸ ಆಟಗಾರನೊಬ್ಬ ಸರ್ವ್ ಹೊಡೆದು ನೆಟ್ಟಿಗೆ ಓಡಿದ. ಎದುರಿನವನು ತೀರ ಹಿಂದೆ ನಿಂತಿದ್ದ, ಮುಂದೆಲ್ಲ ಖಾಲಿ. ಇವನು ಚೆಂಡನ್ನು ಮೇಷ್ಟ್ರ ಹಾಗೇ ಮೆಲ್ಲಗೆ ಇಳಿಸಿದ. ಮತ್ತೆ ಓಡಿದ, ಮತ್ತೆ ಗೆದ್ದ. ಕ್ಷಮೆ ಕೇಳಲು ಇದಕ್ಕಿಂತ ಒಳ್ಳೆಯ ನೆಪ ಸಿಗದು ಎಂದು ಮೇಷ್ಟ್ರಿಗೆ ಫೋನ್ ಮಾಡಿದೆ.

ಅವರ ಹೆಂಡತಿ ಎತ್ತಿದರು. "ಅವ್ರು ತೀರ್ಕಂಡ್ರು ಕಣಣ್ಣ. ಎದೆ ನೋವು ಅಂದ್ರು, ಆಸ್ಪತ್ರೆಗೂ ಓಗಾಕಾಗ್ಲಿಲ್ಲ. ನೆನ್ನೆ ಅನ್ನೊಂದು ದಿನದ ತಿಥಿ ಮುಗೀತು. ನಿಮ್ಗೆ ಏಳಾನ ಅಂದ್ಕಂಡೆ. ನಿಮ್ಮಿಬ್ರ ಮಾತೇ ನಿಂತೋಗಿತ್ತಲ್ಲ ಅಂತ ಸುಮ್ನಾದೆ."

ನನಗೆ ಅಳು ತಡೆಯಲಾಗಲಿಲ್ಲ. ಆಯಮ್ಮ, "ಯಾಕ್ ಫೋನ್ ಮಾಡಿದ್ರಿ ಅಣ್ಣ?" ಎಂದು ಕೇಳಿದರು.

"ಏನಿಲ್ಲಮ್ಮ," ಎಂದೆ, "ಭಾನುವಾರ ಆಟಕ್ಕೆ ಬತ್ತಾರಾ ಕೇಳಾನ ಅಂತ."