ಕರೆಂಟು ಹೋದರೂ ಸಾಯದ ಬೆಲ್ಟು

2006ರಲ್ಲಿ ನಾನು ಸಂಡೂರು ತಾಲ್ಲೂಕಿನ ವಡ್ಡು ಸಮೀಪದ ಒಂದು ಸ್ಕ್ರೀನಿಂಗ್ ಪ್ಲಾಂಟ್‌ನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್ ಆಗಿದ್ದೆ. ಗಣಿಯಿಂದ ಬಂದ ಕಬ್ಬಿಣದ ಅದಿರನ್ನು ಜರಡಿ ಹಿಡಿದು ಗಟ್ಟಿಯನ್ನೂ ಪುಡಿಯನ್ನೂ ಬೇರೆ ಮಾಡುವ ಜಾಗವದು. ಅದಿರಿಗೆ ಎಲ್ಲಿಲ್ಲದ ಬೇಡಿಕೆ. ಲಾರಿಗಳ ಸಾಲು ಕರಗುತ್ತಿರಲಿಲ್ಲ, ಯಂತ್ರ ನಿಲ್ಲಿಸಲು ಯಾರಿಗೂ ಮನಸ್ಸಿರಲಿಲ್ಲ.

ಅನುಮಾನ ನನ್ನ ಹುಟ್ಟುಗುಣ. ಹೊಸಪೇಟೆಯ ಮನೆಯಲ್ಲಿ ಹಾಲಿನವನ ಕ್ಯಾನಿನೊಳಗೆ ಬಗ್ಗಿ ನೋಡದೆ ನಾನು ಒಂದು ದಿನವೂ ಹಾಲು ಹಾಕಿಸಿಕೊಂಡವನಲ್ಲ. ಮನೆಯವಳು ನಗುತ್ತಿದ್ದಳು. ಎಂಜಿನಿಯರಿಗೆ ಇರಬೇಕಾದ ಗುಣವೇ ಇದು ಎಂದು ನಾನು ಉತ್ತರ ಕೊಡುತ್ತಿದ್ದೆ.

ನಮ್ಮಲ್ಲಿ ಹಗಲು ಹೊತ್ತಿನಲ್ಲಿ ಕರೆಂಟು ಹೋಗುವುದು ಸಾಮಾನ್ಯ. ಹೋದಾಗ ಅದಿರು ಸಾಗಿಸುವ ಕನ್ವೇಯರ್ ಬೆಲ್ಟು ನಿಲ್ಲುತ್ತಿತ್ತು. ಆ ಸಮಯ ನೋಡಿಕೊಂಡು ಕೆಲಸಗಾರರು ಬೆಲ್ಟಿನ ತುದಿಯ ಡ್ರಮ್ಮಿಗೆ ಅಂಟಿದ ಹಸಿ ಅದಿರನ್ನು ಕೆರೆದು ತೆಗೆಯುತ್ತಿದ್ದರು. ಅದಕ್ಕೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಬೇಕೆಂಬ ನಿಯಮ ಗೋಡೆಯ ಮೇಲಿತ್ತು. 'ಕರೆಂಟೇ ಇಲ್ಲ, ಇನ್ನೇನ್ ಆಫ್ ಮಾಡೋದು?' ಎನ್ನುವುದು ಎಲ್ಲರ ಮಾತು. ನಾನೂ ಗದರಿಸಿದವನಲ್ಲ.

ಒಂದು ಶನಿವಾರ ಫಿಟ್ಟರ್ ಮೌಲಾಸಾಬ ಹೀಗೆ ಕೆರೆಯುತ್ತಿದ್ದಾಗ ಕರೆಂಟು ಬಂತು, ಬೆಲ್ಟು ತಾನಾಗಿ ಹೊರಟಿತು. ಅವನ ಅಂಗಿಯ ತೋಳು ಡ್ರಮ್ಮಿಗೆ ಸಿಕ್ಕಿತು. ಹಳೆಯ ಅಂಗಿ, ಹರಿದು ಬಂತು. ಹೊಸದಾಗಿದ್ದರೆ ಅಂಗಿಯ ಹಿಂದೆ ತೋಳೂ ಹೋಗುತ್ತಿತ್ತು.

ಕರೆಂಟು ಬಂದ ಮಾತ್ರಕ್ಕೆ ಬೆಲ್ಟು ಹೊರಡಬಾರದು. ಪ್ಯಾನೆಲ್ಲಿನ ಹಸಿರು ಗುಂಡಿಯನ್ನು ಯಾರಾದರೂ ಒತ್ತಿದರೆ ಮಾತ್ರ ಅದು ಹೊರಡುವಂತೆ ವೈರಿಂಗ್ ಇರುತ್ತದೆ. ಪ್ಯಾನೆಲ್ ಕೋಣೆಯಲ್ಲಿ ಇದ್ದವನು ಒಬ್ಬನೇ, ಆಪರೇಟರ್ ಗಾದಿಲಿಂಗಪ್ಪ, ಕಂಪ್ಲಿಯವನು. ವಾರದ ರಜೆಯ ಸರದಿಗಾಗಿ ಅವನಿಗೂ ಮೌಲಾಸಾಬನಿಗೂ ಹಿಂದಿನ ವಾರವಷ್ಟೇ ಜಗಳವಾಗಿತ್ತು. ನನಗೆ ಇಷ್ಟು ಸಾಕಾಯಿತು.

"ನಾ ಮುಟ್ಟಿಲ್ರಿ ಸಾರ್" ಎಂದ ಗಾದಿಲಿಂಗಪ್ಪ. "ಈಗೀಗ ಬೆಲ್ಟ್ ನಿಲ್ಲಿಸಬೇಕಂದ್ರ ಕೆಂಪ್ ಗುಂಡಿ ಎರಡ್ಮೂರು ಸಲ ಗುದ್ದಬೇಕಾಗ್ತತಿ. ಏನೋ ಕೆಟ್ಟೈತ್ರಿ."

ಕುಣಿಯಲಾರದವನಿಗೆ ನೆಲ ಡೊಂಕು ಎಂದುಕೊಂಡೆ. ಮುಂದಿನ ಶನಿವಾರವೂ ಬೆಲ್ಟು ಹಾಗೆಯೇ ಎದ್ದಿತು. ಪುಣ್ಯಕ್ಕೆ ಹತ್ತಿರ ಯಾರೂ ಇರಲಿಲ್ಲ. ಆ ಸಂಜೆಯೇ ಗಾದಿಲಿಂಗಪ್ಪ ಬೇಕೆಂದೇ ಗುಂಡಿ ಒತ್ತಿದ್ದಾನೆಂದು ವರದಿ ಬರೆದೆ. ಮ್ಯಾನೇಜರ್ ಅವನನ್ನು ಕೆಲಸದಿಂದ ಹೊರಗಿಟ್ಟರು. ಸೋಮವಾರ ಪೊಲೀಸರಿಗೆ ದೂರು ಕೊಡುವುದೆಂದು ತೀರ್ಮಾನವಾಯಿತು. ಅವನು ಜೈಲಿಗೆ ಹೋಗುವ ಮಾತದು.

ಮರುದಿನ ಭಾನುವಾರ ಮಧ್ಯಾಹ್ನ ಕ್ಯಾಂಟೀನಿನ ಟೀವಿಯಲ್ಲಿ ಹುಡುಗರು ಸೀಡಿ ಹಾಕಿದ್ದರು. ಮುಖವಾಡದ ಕೊಲೆಗಾರನೊಬ್ಬ ಚೂರಿ ಹಿಡಿದು ಒಬ್ಬೊಬ್ಬರನ್ನೇ ಕೊಲ್ಲುವ ಇಂಗ್ಲಿಷ್ ಸಿನಿಮಾ. ಗುಂಡು ತಿಂದರೂ ಸಾಯ, ಸುಟ್ಟರೂ ಸಾಯ. ಕೊನೆಗೆ ನಾಯಕಿ ಅವನನ್ನು ಕೆಡವಿ, ಚೂರಿ ಎಸೆದು, ಬೆನ್ನು ತಿರುಗಿಸಿ ಅಳುತ್ತಾ ಕುಳಿತಳು. ಹಿಂದೆ ಅವನು ಎದ್ದು ಕುಳಿತ. ಎಲ್ಲರೂ ಹೋ ಎಂದರು.

"ಈ ಮಗ ಯಾಕ್ ಸಾಯಂಗಿಲ್ಲ?" ಎಂದು ಯಾರೋ ಕೇಳಿದರು.

ಮೌಲಾಸಾಬ ಚಹಾ ಕುಡಿಯುತ್ತಾ ಹೇಳಿದ: "ಸತ್ತಾನೋ ಇಲ್ಲೋ ಅಂತ ಯಾರೂ ಹತ್ರ ಹೋಗಿ ನೋಡಂಗಿಲ್ಲಲ್ಲ, ಅದಕ್ಕ. ಬಿದ್ದ ಅಂದಕೂಡ್ಲೇ ಸತ್ತ ಅಂತಾರ. ನಾವು ಮತ್ತೇನ್ ಮಾಡ್ತೀವಿ? ಕರೆಂಟ್ ಹೋತಂದ್ರ ಬೆಲ್ಟ್ ಸತ್ತೈತಿ ಅಂತ ಡ್ರಮ್ಮಿಗೆ ಕೈ ಹಾಕ್ತೀವಿ." ಆಮೇಲೆ ನನ್ನ ಕಡೆ ತಿರುಗಿ, "ಸಾರ್, ಗಾದಿಲಿಂಗ ಬಾಯಿ ಜೋರು ಖರೆ, ನನ್ನ ಕೈ ತೆಗಿಯುವಂಥವ ಅಲ್ರಿ. ನೀವು ಆ ಪ್ಯಾನೆಲ್ ಬಿಚ್ಚಿ ನೋಡೀರೇನು?"

ನೋಡಿರಲಿಲ್ಲ. ಯಾರು ಎಂದು ವಾರವಿಡೀ ಕೇಳಿದ್ದೆ, ಹೇಗೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಮೌಲಾಸಾಬನ ಮುಂದೆ ನನಗೆ ನಾಚಿಕೆಯಾಯಿತು.

ಎದ್ದು ಹೋಗಿ ಗುಂಡಿಗಳನ್ನು ಬಿಚ್ಚಿದೆ. ಪ್ರತಿ ಶುಕ್ರವಾರ ಪ್ಯಾನೆಲ್ಲಿಗೆ ಪೂಜೆ ಮಾಡಿ ಗುಂಡಿಗುಂಡಿಗೂ ಅರಿಶಿನ ಕುಂಕುಮ ಹಚ್ಚುವುದು ನಮ್ಮಲ್ಲಿ ರೂಢಿ. ಪ್ಲಾಂಟ್ ಶುರುವಾದ ದಿನ ಮೊದಲ ಬೊಟ್ಟು ಇಟ್ಟವನೇ ನಾನು. ಕಲಸಿದ ಕುಂಕುಮ ಹಸಿರು ಗುಂಡಿಯ ಸಂದಿಗೆ ಇಳಿದು, ಅದಿರಿನ ಪುಡಿಯೊಂದಿಗೆ ಸೇರಿ ಗಟ್ಟಿಯಾಗಿತ್ತು. ಎರಡೂ ಒಂದೇ ಕೆಂಪು, ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಒತ್ತಿದ ಗುಂಡಿ ಹೊರಗೆ ಬರದೆ ಒಳಗೇ ಕಚ್ಚಿಕೊಳ್ಳುತ್ತಿತ್ತು. ಗುಂಡಿ ಒಳಗಿದ್ದರೆ, ಹೋದ ಕರೆಂಟು ಬಂದ ತಕ್ಷಣ ಬೆಲ್ಟು ಹೊರಡುತ್ತದೆ. ಕೆಂಪು ಗುಂಡಿಯನ್ನು ಒತ್ತಿ ಬಿಟ್ಟರೂ ಮತ್ತೆ ಹೊರಡುತ್ತದೆ. ಎರಡು ಮೂರು ಸಲ ಗುದ್ದಿದರೆ ಆ ಅದುರಾಟಕ್ಕೆ ಹಸಿರು ಗುಂಡಿ ಸಡಿಲವಾಗಿ ಈಚೆ ಬರುತ್ತಿತ್ತು. ಶುಕ್ರವಾರ ಹಚ್ಚಿದ್ದು ಶನಿವಾರಕ್ಕೆ ಒಣಗುತ್ತಿತ್ತು. ಗಾದಿಲಿಂಗಪ್ಪ ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಅಂದೇ ಮ್ಯಾನೇಜರ ಮುಂದೆ ತಪ್ಪೊಪ್ಪಿಕೊಂಡು ವರದಿ ಹಿಂದಕ್ಕೆ ಪಡೆದೆ. ಸೋಮವಾರ ಕಂಪ್ಲಿಗೆ ಹೋಗಿ ಅವನನ್ನು ಕರೆದುಕೊಂಡು ಬಂದೆ. ಅಂದಿನಿಂದ ಪೂಜೆ ಪ್ಯಾನೆಲ್ಲಿನ ಬಾಗಿಲಿಗಷ್ಟೇ. ಡ್ರಮ್ಮಿಗೆ ಕೈ ಹಾಕುವವನು ಮೇನ್ ಸ್ವಿಚ್ಚಿಗೆ ಬೀಗ ಹಾಕಿ ಬೀಗದಕೈ ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು.

ಯಂತ್ರ ನಿಂತಿದೆ ಎಂದು ಕಣ್ಣು ಹೇಳಿದರೆ ನಂಬಬಾರದು, ಕೈಯಾರೆ ಪರೀಕ್ಷಿಸಬೇಕು ಎಂದು ನನ್ನ ಕೈಕೆಳಗೆ ಬಂದವರಿಗೆಲ್ಲ ಆಮೇಲೆ ಕಲಿಸಿದ್ದೇನೆ. ಆದರೆ ವೃತ್ತಿ ನನಗೆ ಕಲಿಸಿದ ದೊಡ್ಡ ಪಾಠ ಅದಲ್ಲ. ತಿಂಗಳೊಪ್ಪತ್ತಿನ ಮೇಲೆ ಒಂದು ಬೆಳಿಗ್ಗೆ ಅದೇ ಬೆಲ್ಟು ಧಡಕ್ಕನೆ ನಿಂತಿತು. ಓಡಿ ಪ್ಯಾನೆಲ್ ಕೋಣೆಗೆ ಹೋದೆ. ಸತ್ತೇ ಹೋಯಿತೆಂದುಕೊಂಡಿದ್ದ ಅನುಮಾನ ನನಗಿಂತ ಮೊದಲೇ ಅಲ್ಲಿ ತಲುಪಿತ್ತು. ನನ್ನ ಕಣ್ಣು ಮೀಟರಿನ ಮೇಲೆ ಬೀಳಲಿಲ್ಲ, ನೇರ ಗಾದಿಲಿಂಗಪ್ಪನ ಕೈಗಳ ಮೇಲೆ ಬಿತ್ತು. ಅವನು ಅದನ್ನು ಗಮನಿಸಿದ. ಎರಡೂ ಕೈಗಳನ್ನು ಮೆಲ್ಲಗೆ ಮೇಲೆತ್ತಿ ನನಗೆ ತೋರಿಸಿದ.

"ಕೈ ಇಲ್ಲೇ ಅದಾವ್ರಿ ಸಾರ್. ಹೋಗಿ ಬೆಲ್ಟ್ ನೋಡ್ರಿ."