ಅಕ್ಕನ ಅಂಗಡಿಗೆ ಬಂದ ಪಾರ್ಸೆಲ್ಲು

ನನ್ನ ಸ್ವಂತ ಅಕ್ಕನಿಗೆ ನಾನು ಒಮ್ಮೆ ಮೋಸ ಮಾಡಿದ್ದೀನಿ. ಆಸ್ತಿಯ ವಿಚಾರದಲ್ಲಲ್ಲ, ಅಂಥ ಮೋಸಕ್ಕೆ ಬೇಕಾದಷ್ಟು ಆಸ್ತಿ ನಮ್ಮಪ್ಪ ಮಾಡಿಟ್ಟಿರಲಿಲ್ಲ. ಕುಣಿಗಲ್ಲಿನಲ್ಲಿ ನಮ್ಮ ಮನೆಯಿಂದ ಕೂಗಳತೆಯಲ್ಲೇ ಅಕ್ಕನ ಪುಸ್ತಕದಂಗಡಿ ಇರುವಾಗ, ಅವಳ ಕಣ್ಣು ತಪ್ಪಿಸಿ ಕಂಪ್ಯೂಟರಿನಲ್ಲಿ ಪುಸ್ತಕ ಕೊಂಡೆ.

ಅಕ್ಕನ ಹೆಸರು ಸುಶೀಲ. ತೊಂಬತ್ತರ ದಶಕದಲ್ಲಿ ಭಾವ ಆ ಅಂಗಡಿ ತೆರೆದರು. ಆಮೇಲೆ ಅವರಿಗೆ ಗುಬ್ಬಿಯ ಶಾಲೆಯೊಂದರಲ್ಲಿ ಗುಮಾಸ್ತರ ಕೆಲಸ ಸಿಕ್ಕಿ ದಿನಾ ಬಸ್ಸಿನಲ್ಲಿ ಓಡಾಡತೊಡಗಿದಾಗ, ಅಕ್ಕನೇ ಅಂಗಡಿ ನೋಡಿಕೊಂಡಳು. ಆ ಕಾಲದಲ್ಲಿ ನಮ್ಮ ಕಡೆ ಅಂಗಡಿಗೂ ಗರ್ಭಗುಡಿಗೂ ಬಹಳ ವ್ಯತ್ಯಾಸವಿರಲಿಲ್ಲ. ಸಾಮಾನೆಲ್ಲ ಒಳಗೆ, ಗಿರಾಕಿ ಹೊರಗೆ. ಕೇಳಿದ್ದನ್ನು ಅಂಗಡಿಯವರಾಗಿ ಎತ್ತಿ ಕೊಟ್ಟರೆ ಪ್ರಸಾದ. ಅಕ್ಕನ ಅಂಗಡಿಯಲ್ಲಂತೂ ‘ಕೊಳ್ಳದೆ ಪುಟ ತಿರುವಬೇಡಿ’ ಎಂಬ ಬೋರ್ಡೇ ಇತ್ತು. ಮೇಷ್ಟ್ರಾಗಿದ್ದ ನಾನು ಕೂಡ ಅದರ ಕೆಳಗೆ ಕೈ ಕಟ್ಟಿ ನಿಲ್ಲುತ್ತಿದ್ದೆ.

ಕೆರೆಗೆ ಬರುವ ಹಕ್ಕಿಗಳ ಹೆಸರು ಕಲಿಯುವ ಹುಚ್ಚು ನನಗೆ ಹತ್ತಿದ್ದು ಎರಡು ಸಾವಿರದ ಇಸವಿ ಕಳೆದು ಎಷ್ಟೋ ವರ್ಷಗಳಾದ ಮೇಲೆ. ಚಿತ್ರಗಳಿರುವ ಒಂದು ದಪ್ಪ ಪುಸ್ತಕ ತರಿಸಿಕೊಡು ಎಂದು ಅಕ್ಕನನ್ನು ಕೇಳಿದೆ. ‘ಮುಂದಿನ ವಾರ’ ಎಂದಳು. ಆ ಮುಂದಿನ ವಾರ ಐದು ತಿಂಗಳು ನಡೆಯಿತು. ರೇಸಿನ ಕುದುರೆ ಸಾಕುವ ಊರಿನಲ್ಲಿ ಪುಸ್ತಕ ಮಾತ್ರ ಎತ್ತಿನ ಗಾಡಿಯಲ್ಲೇ ಬರಬೇಕಿತ್ತು. ಕೊನೆಗೆ ಮನೆಗೆ ಹೊಸದಾಗಿ ಬಂದಿದ್ದ ಇಂಟರ್ನೆಟ್ಟಿನಲ್ಲಿ ಒಂದು ಆನ್‌ಲೈನ್ ಅಂಗಡಿ ಹುಡುಕಿ, ಕಾರ್ಡಿನ ನಂಬರು ಒತ್ತಿ, ಕಳ್ಳನ ಹಾಗೆ ಕೂತೆ.

ನಾಲ್ಕೇ ದಿನಕ್ಕೆ ಪುಸ್ತಕ ಬಂತು. ಆದರೆ ನನ್ನ ಮನೆಗಲ್ಲ. ತುಮಕೂರಿನಿಂದ ಬಂದ ಕೊರಿಯರಿನವನಿಗೆ ನಮ್ಮ ಬೀದಿ ಗೊತ್ತಾಗದೆ, ಊರಿಗೆಲ್ಲ ವಿಳಾಸ ಹೇಳುವ ಅಕ್ಕನನ್ನೇ ಕೇಳಿದ್ದಾನೆ. ಅವಳು ಸಹಿ ಹಾಕಿ ತೆಗೆದುಕೊಂಡಿದ್ದಾಳೆ. ಸಂಜೆ ಹೋದಾಗ ಪಾರ್ಸೆಲ್ಲು ಅವಳ ಮುಂದೆಯೇ ಇತ್ತು.

“ಏನೋ ಸಾಮಾನಿರಬೇಕು ಕಣಕ್ಕ,” ಅಂದೆ.

“ಪುಸ್ತಕದಂಗಡಿಯೋಳಿಗೆ ಮುಟ್ಟಿದ್ರೆ ಗೊತ್ತಾಗಲ್ವೇನೋ?” ಅಂದಳು. “ಬಿಚ್ಚು. ಹೆಂಗೆ ಕಟ್ಟವ್ರೆ ನೋಡ್ಬೇಕು.”

ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ. ರಟ್ಟನ್ನು ತಿರುಗಿಸಿ ನೋಡಿದಳು. ‘ಇಷ್ಟವಾಗದಿದ್ದರೆ ಹಿಂದಿರುಗಿಸಿ’ ಎಂಬರ್ಥದ ಇಂಗ್ಲಿಷ್ ಚೀಟಿಯನ್ನು ನನ್ನಿಂದ ಎರಡು ಸಲ ಓದಿಸಿದಳು. ಅಂಗಡಿ ಮುಚ್ಚಿ ನೇರ ನಮ್ಮ ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತಳು.

ಅವಳಿಗೆ ಬೆರಗು ಹುಟ್ಟಿಸಿದ್ದು ಒಂದೇ. “ಇಲ್ಲಿ ನೋಡೋ. ಮಾರೋನ ಅಂಗಡೀಲೇ ನಿಂತ್ಕೊಂಡು, ಈ ಪುಸ್ತಕ ದಂಡ ಅಂತ ಕೊಂಡೋರು ಬರ್ದವ್ರೆ. ಅವ್ನು ಅಳಿಸೇ ಇಲ್ಲ.”

“ಅಳಿಸಿದ್ರೆ ಮಿಕ್ಕಿದ್ದನ್ನ ಯಾರು ನಂಬ್ತಾರೆ?” ಅಂದೆ.

‘ಇದನ್ನು ಕೊಂಡವರು ಇದನ್ನೂ ಕೊಂಡರು’ ಎಂಬ ಸಾಲು ಕಂಡಾಗ ಮಾತ್ರ ನಕ್ಕಳು. “ಇದೊಂದನ್ನ ನಾನು ಅವನಿಗಿಂತ ಮುಂಚೆಯಿಂದ ಮಾಡ್ತಿದೀನಿ ಬುಡು.”

ನಗುವ ಕಾಲವೇನಾಗಿರಲಿಲ್ಲ. ಅಕ್ಕ ಸಗಟಿಗೆ ಪುಸ್ತಕ ತರುತ್ತಿದ್ದ ತುಮಕೂರಿನ ಅಂಗಡಿ ಮುಂದಿನ ವರ್ಷವೇ ಬಾಗಿಲು ಹಾಕಿ ಮೊಬೈಲಿನ ಅಂಗಡಿಯಾಯಿತು. ಅವಳ ಕಾಯಂ ಗಿರಾಕಿಗಳಾಗಿದ್ದ ಕಾಲೇಜಿನ ಮೇಷ್ಟ್ರುಗಳು ಒಬ್ಬೊಬ್ಬರಾಗಿ ಕಾಣೆಯಾದರು. ಮುಚ್ಚಿಬಿಡು ಎಂದು ಭಾವ ಹೇಳಿದರು. ಅಕ್ಕ ಬಡಗಿಯನ್ನು ಕರೆಸಿದಳು.

ಗಿರಾಕಿಗಳನ್ನು ಹೊರಗೇ ನಿಲ್ಲಿಸುತ್ತಿದ್ದ ಅಡ್ಡ ಕೌಂಟರನ್ನು ಬಡಗಿ ಕಿತ್ತ. ಬೋರ್ಡೂ ಹೋಯಿತು. ಕಪಾಟುಗಳ ನಡುವೆ ನಾಲ್ಕು ಸ್ಟೂಲು ಬಂದವು. ಇಷ್ಟವಾಗದ ಪುಸ್ತಕವನ್ನು ವಾರದೊಳಗೆ ಹಿಂದಿರುಗಿಸಬಹುದು ಎಂದು ಬರೆದು ಹಾಕಿದಳು. ಓದಿದವರು ಮನಸ್ಸಿಗೆ ಬಂದದ್ದನ್ನು ಬರೆಯಲಿ ಎಂದು ಉದ್ದನೆಯ ಒಂದು ನೋಟ್ ಬುಕ್ಕನ್ನು ದಾರದಲ್ಲಿ ಕಟ್ಟಿ ತೂಗುಹಾಕಿದಳು. ಮೊದಲ ಪುಸ್ತಕ ಹಿಂದಿರುಗಿಸಿದವರು ಗೂಳೂರಿನ ನಿವೃತ್ತ ಮೇಷ್ಟ್ರು ಕೆಂಪಯ್ಯನವರು. ಜೇನು ಸಾಕಣೆಯ ಆ ಪುಸ್ತಕವನ್ನು ಬರೆದವರಿಗೆ ಜೇನು ಕಚ್ಚಿದ ಅನುಭವವಿಲ್ಲ ಎಂದು ನೋಟ್ ಬುಕ್ಕಿನಲ್ಲಿ ಒಂದು ಪುಟ ಬರೆದು, ಬೇರೆ ಮೂರು ಪುಸ್ತಕ ಕೊಂಡುಹೋದರು. ಆ ಬರಹ ಓದುವುದಕ್ಕೇ ಜನ ಬಂದರು.

ಒಂದು ದಿನ ಹುತ್ರಿದುರ್ಗದ ಕಡೆಯ ಆರೋಗ್ಯ ಕೇಂದ್ರದಿಂದ ರೆಹಾನಾ ಎಂಬ ನರ್ಸು ಬಂದಳು. ಬಡ್ತಿಯ ಪರೀಕ್ಷೆಗೆ ಒಂದು ಪುಸ್ತಕ ಬೇಕಿತ್ತು. ಆನ್‌ಲೈನಿನಲ್ಲಿದೆ, ಆದರೆ ಅವಳೂರಿಗೆ ಕೊರಿಯರ್ ಹೋಗುವುದಿಲ್ಲ. ಅಕ್ಕ ನನ್ನ ಮನೆಗೆ ಬಂದು, ಅದೇ ಆನ್‌ಲೈನ್ ಅಂಗಡಿಯಲ್ಲಿ ತನ್ನ ಅಂಗಡಿಯ ವಿಳಾಸ ಕೊಟ್ಟು ಅದನ್ನು ತರಿಸಿದಳು. ಬಂದದ್ದು ಹಳೆಯ ಆವೃತ್ತಿ. ಪರೀಕ್ಷೆಗೆ ಮೂರೇ ವಾರ. ಅಕ್ಕ ಬಂದ ಹಾಗೆಯೇ ಅದನ್ನು ಕಟ್ಟಿ ಹಿಂದಕ್ಕೆ ಕಳಿಸಿ, ಹೊಸದನ್ನು ತರಿಸಿ, ಹುತ್ರಿದುರ್ಗದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟಳು.

“ನಿನ್ನ ಅಂಗಡಿಗೆ ಕಲ್ಲು ಹಾಕೋನ ಪಾರ್ಸೆಲ್ಲನ್ನ ನೀನೇ ಹಂಚ್ತೀಯಲ್ಲ,” ಅಂದೆ.

“ಪುಸ್ತಕ ಅವನದಿರ್ಬೋದು ಕಣೋ,” ಅಂದಳು. “ಓದೋರು ನಮ್ಮೋರು.”

ರೆಹಾನಾ ಪಾಸಾದಳು. ಅವಳೇ ಬಂದು ಅಕ್ಕನಿಗೆ ಸಿಹಿ ಕೊಟ್ಟು, ಜೊತೆಗೆ ಬಂದಿದ್ದ ಇನ್ನಿಬ್ಬರು ನರ್ಸುಗಳನ್ನು ಸ್ಟೂಲಿನ ಮೇಲೆ ಕೂರಿಸಿದಳು. ಅಂಗಡಿ ಮುಚ್ಚುವ ಮಾತನ್ನು ಭಾವ ಮತ್ತೆ ಎತ್ತಲಿಲ್ಲ.

ಆ ಹೊತ್ತಿಗೆ ನನ್ನದೂ ಒಂದು ಪ್ರಬಂಧ ಸಂಕಲನ ಅಚ್ಚಾಯಿತು. ಅಕ್ಕ ಅದನ್ನು ಬಾಗಿಲಿಗೆ ಕಾಣುವಂತೆ ಇಟ್ಟಳು. ಎರಡು ವಾರದ ನಂತರ ನೋಟ್ ಬುಕ್ಕಿನಲ್ಲಿ ಕೆಂಪಯ್ಯ ಮೇಷ್ಟ್ರ ದುಂಡು ಅಕ್ಷರ ಕಂಡಿತು: ‘ಲೇಖಕರು ಒಳ್ಳೆಯವರು. ಪುಸ್ತಕ ಅಷ್ಟಿಲ್ಲ. ಅರ್ಧಕ್ಕೆ ನಿದ್ದೆ ಬಂತು.’

ಆ ಹಾಳೆ ಹರಿದುಹಾಕೆಂದು ಬಾಯಿಬಿಟ್ಟು ಕೇಳುವಷ್ಟು ಸಣ್ಣವನಲ್ಲ ನಾನು. ಸುಮ್ಮನೆ ಅಕ್ಕನ ಮುಖ ನೋಡಿದೆ. ಅವಳು ಪುಸ್ತಕಗಳ ಧೂಳು ಒರೆಸುತ್ತಲೇ, “ನೆನ್ನೆ ಅದನ್ನೋದಿ ಇಬ್ರು ನಿನ್ ಪುಸ್ತಕ ಕೇಳಿದ್ರು. ನಿದ್ದೆ ಬರಲ್ವಂತೆ ಅವ್ರಿಗೆ,” ಅಂದಳು.

ಲೇಖಕನಾಗಿ ನಾನು ಅವತ್ತು ತಲೆ ತಗ್ಗಿಸಿದ್ದು ನಿಜ. ಆದರೆ ಮನೆಗೆ ನಡೆದು ಬರುವಾಗ, ಇಂಥವಳ ತಮ್ಮನೆಂಬ ಹೆಮ್ಮೆಯಲ್ಲಿ, ಎದುರಿಗೆ ಸಿಕ್ಕವರಿಗೆಲ್ಲ ನಾನೇ ಮುಂದಾಗಿ ಹೇಳಿಕೊಂಡು ಬಂದೆ: ನನ್ನ ಪುಸ್ತಕ ಚೆನ್ನಾಗಿಲ್ಲವಂತೆ, ಹೋಗಿ ನೋಡಿ.