ಗೋಡೆಯೊಳಗಿನ ನೂರ ಅರವತ್ತೆರಡು ವ್ಯಾಟ್

ಬೆಳಗಿನ ಐದೂವರೆ. ಡ್ಯಾನ್ಯೂಬ್ ಕಡೆಯಿಂದ ಬಂದ ಮಂಜು ಇನ್ನೂ ಬೀದಿ ಬಿಟ್ಟಿಲ್ಲ. ಶಿಶುವಿಹಾರದ ಅಡುಗೆಮನೆಯಲ್ಲಿ ಅಡುಗೆಯವಳು ಸ್ಟೇಫ್ಕಾ, ಚೀಸ್ ತುಂಬಿದ ಪದರ ರೊಟ್ಟಿ ಬಾನಿತ್ಸಾದ ತಟ್ಟೆಯನ್ನು ಒಲೆಯೊಳಗೆ ತಳ್ಳುತ್ತಿದ್ದಾಳೆ. ಪಕ್ಕದಲ್ಲೇ ಮಂಡಿಯೂರಿ ಕೂತ ಮಿಂಕಾ ಬೊಯಾಜಿಯೆವಾ ಒಲೆಯ ಸಾಕೆಟ್ಟಿಗೆ ಮೀಟರಿನ ಕಡ್ಡಿಗಳನ್ನು ಚುಚ್ಚಿ ನೋಡುತ್ತಾಳೆ.

"ಇನ್ನೂರ ಇಪ್ಪತ್ತೆಂಟು ವೋಲ್ಟ್. ನಿನ್ನ ಒಲೆ ಸರಿಯಾಗೇ ಇದೆ, ಸುಮ್ನೆ ಅದನ್ನ ಬೈಬೇಡ."

"ಮತ್ಯಾಕೆ ಮಿಂಕಕ್ಕಾ, ಬಾನಿತ್ಸಾ ಒಂದೇ ಕಡೆ ಸೀಯತ್ತೆ?"

"ಅದನ್ನ ಅಳೆಯೋ ಮೀಟರ್ ನನ್ನ ಹತ್ರ ಇಲ್ಲ ಕಣೇ."

ಐವತ್ತೇಳರ ಮಿಂಕಾ ಈ ಊರಿನ ಹನ್ನೊಂದು ಶಾಲೆ, ಶಿಶುವಿಹಾರಗಳ ವಿದ್ಯುತ್ ಕೆಲಸ ನೋಡಿಕೊಳ್ಳುತ್ತಾಳೆ. ಆರುನೂರ ನಲವತ್ತು ಸಾಕೆಟ್ಟುಗಳು, ಅವಳೊಬ್ಬಳೇ. ಹರೆಯದಲ್ಲಿ ಮೋಟರ್ ಕಾರ್ಖಾನೆಯಲ್ಲಿ ತಂತಿ ಸುತ್ತುತ್ತಿದ್ದಳು. ಸುತ್ತಿದ ಪ್ರತಿ ಸುರುಳಿಯ ರೋಧವನ್ನು ಅಳೆದ ಮೇಲೇ ಅದು ಮುಂದಿನ ಮೇಜಿಗೆ ಹೋಗುತ್ತಿತ್ತು. ಇಪ್ಪತ್ತು ವರ್ಷ ಹಾಗೆ ನಡೆದು, ಒಂದು ದಿನ ಕಾರ್ಖಾನೆಗೆ ಬೀಗ ಬಿತ್ತು. ಈಗ ನಗರಸಭೆಯ ಪಟ್ಟಿಯಲ್ಲಿ ಅವಳು 'ಸಹಾಯಕಿ'. ತಂತಿ ಮುಟ್ಟಬಹುದು, ವರದಿಗೆ ಸಹಿ ಹಾಕುವ ಹಾಗಿಲ್ಲ.

ಪ್ರತಿ ಫ್ಯೂಸ್ ಪೆಟ್ಟಿಗೆಯ ಬಾಗಿಲ ಒಳಮೈಯಲ್ಲಿ ಅವಳ ಪೆನ್ಸಿಲ್ ಗುರುತುಗಳಿವೆ: ತಾರೀಕು, ವೋಲ್ಟ್, ಆಂಪಿಯರ್. ಹೋದ ವರ್ಷ ಈ ಶಿಶುವಿಹಾರವನ್ನು ನವೀಕರಿಸಿದರು. ಗೋಡೆಗೆ ಹೊಸ ಗಾರೆ, ಹೊಸ ಬಣ್ಣ, ಮಲಗುವ ಕೋಣೆಗೆ ಹೊಸ ಹೀಟರ್. ಅಕ್ಟೋಬರಿನಲ್ಲಿ ಮಿಂಕಾ ಅಳೆದಾಗ ಪೆಟ್ಟಿಗೆಯಿಂದ ಹೀಟರ್ ತಲುಪುವಷ್ಟರಲ್ಲಿ ನಾಲ್ಕೂವರೆ ವೋಲ್ಟ್ ಕಾಣೆಯಾಗಿತ್ತು. ಡಿಸೆಂಬರಿನಲ್ಲಿ ಒಂಬತ್ತು. ಫೆಬ್ರವರಿಯಲ್ಲಿ ಹದಿನೆಂಟು. ಹರಿಯುತ್ತಿದ್ದ ಕರೆಂಟ್ ಮಾತ್ರ ಹೆಚ್ಚುಕಡಿಮೆ ಅದೇ ಒಂಬತ್ತು ಆಂಪಿಯರ್. ಆಗ ಸ್ಟೇಫ್ಕಾಳಿಗೆ ಅವಳು ಹೇಳಿದ್ದಳು:

"ಹದಿನೆಂಟನ್ನ ಒಂಬತ್ತರಿಂದ ಭಾಗಿಸು, ಎರಡು ಓಮ್. ಒಳ್ಳೆ ತಂತಿಗೆ ಅಷ್ಟು ರೋಧ ಎಲ್ಲಿಂದ ಬರ್ಬೇಕು? ಎಲ್ಲೋ ಒಂದು ಜೋಡಣೆ ಕೆಡ್ತಾ ಇದೆ. ಅದೇ ಹದಿನೆಂಟನ್ನ ಒಂಬತ್ತರಿಂದ ಗುಣಿಸು, ನೂರ ಅರವತ್ತೆರಡು ವ್ಯಾಟ್. ನಾನು ಬೆಸುಗೆ ಹಾಕೋ ಕಡ್ಡಿ ನಲವತ್ತು ವ್ಯಾಟ್‌ದು. ಅಂಥ ನಾಲ್ಕು ಕಡ್ಡಿ ಗೋಡೆ ಒಳಗೆ ಉರೀತಾ ಇದ್ದಾವೆ ಅಂದ್ಕೋ. ಆಚೆ ಬದೀಲಿ ಮಕ್ಕಳು ಮಲಗಿದ್ದಾವೆ."

ಗುಣಾಕಾರ, ಭಾಗಾಕಾರ. ಇಷ್ಟೇ ಲೆಕ್ಕ. ಇದು ಅರ್ಥವಾಗಲು ನಗರಸಭೆಯ ಕಚೇರಿಗೆ ನಾಲ್ಕು ತಿಂಗಳು, ಮೂರು ಅರ್ಜಿ ಸಾಲಲಿಲ್ಲ. ಕಟ್ಟಡ ವಿಭಾಗದ ಅಧಿಕಾರಿ ಡ್ರಾಗನೋವ್ ಕಾಗದದಿಂದ ತಲೆಯನ್ನೇ ಎತ್ತಲಿಲ್ಲವಂತೆ.

"ಬ್ರೇಕರ್ ಬಿದ್ದು ಕರೆಂಟ್ ಹೋಗಿದೆಯೇನಮ್ಮಾ?"

"ಇಲ್ಲ ಸಾರ್. ಹದಿನಾರು ಆಂಪಿಯರ್‌ದು ಒಂಬತ್ತಕ್ಕೆ ಯಾಕೆ ಬೀಳತ್ತೆ? ಅದಕ್ಕೆ ಕರೆಂಟ್ ಕಾಣತ್ತೆ, ಬಿಸಿ ಕಾಣಲ್ಲ."

"ಬಿದ್ದಿಲ್ಲ ಅಂದ್ರೆ ತೊಂದರೆ ಇಲ್ಲ. ಇಂಜಿನಿಯರ್ ಸಹಿ ಇರೋ ಗೋಡೆ ಅದು. ನೀವು ಬಲ್ಬ್ ಬದಲಾಯಿಸ್ಕೊಂಡು ಇರಿ."

ಮಿಂಕಾ ವಾಪಸ್ ಬಂದವಳೇ ಆ ಕೋಣೆಯ ಬ್ರೇಕರನ್ನೇ ಕಿತ್ತು ಏಪ್ರನ್ ಜೇಬಿಗೆ ಹಾಕಿಕೊಂಡಳು. ಇಪ್ಪತ್ತೆರಡು ಮಂಚಗಳು ಊಟದ ಕೋಣೆಗೆ ಬಂದವು. ಮಕ್ಕಳು ಕೋಟು ತೊಟ್ಟೇ ಮಲಗಿದವು. ಮರುದಿನವೇ 'ಅಧಿಕಾರ ಮೀರಿದ ವರ್ತನೆ' ಎಂದು ಎಚ್ಚರಿಕೆ ಪತ್ರ ಬಂತು. ತಂದೆತಾಯಂದಿರು ಬಾಗಿಲಲ್ಲೇ ಜಗಳಕ್ಕೆ ನಿಂತರು. ಎಲ್ಲರಿಗಿಂತ ಜೋರಾಗಿ ಕೂಗಾಡಿದವನು ಗಾರೆ ಕೆಲಸದ ಆಸೆನ್.

"ನನ್ನ ಮಗಳಿಗೆ ಕೆಮ್ಮು ಶುರುವಾಗಿದೆ! ನಿಂದೇನು ಹಠ?"

ಮಿಂಕಾ ಮಕ್ಕಳನ್ನೆಲ್ಲ ಅಂಗಳಕ್ಕೆ ಕಳಿಸಿ, ಬ್ರೇಕರ್ ಕೂರಿಸಿ, ಹೀಟರ್ ಹಾಕಿದಳು. ಇಪ್ಪತ್ತು ನಿಮಿಷ ಬಿಟ್ಟು, "ಗೋಡೆ ಮೇಲೆ ಇಲ್ಲಿ ಕೈ ಇಡು" ಎಂದಳು. ಆಸೆನ್ ಇಟ್ಟ, ಚಕ್ಕನೆ ತೆಗೆದ. ಮಗಳ ಮಂಚದ ತಲೆದಿಂಬು ಇರುತ್ತಿದ್ದ ಜಾಗ ಅದು. ವ್ಯಾನಿಗೆ ಹೋಗಿ ಉಳಿ, ಸುತ್ತಿಗೆ ತಂದ. ಮಿಂಕಾ ಕರೆಂಟ್ ತೆಗೆದ ಮೇಲೆ ಗಾರೆ ಒಡೆದ.

ಒಳಗೆ ಹಳೆಯ ಅಲ್ಯೂಮಿನಿಯಂ ತಂತಿಗೆ ಹೊಸ ತಾಮ್ರದ್ದನ್ನು ಕೈಯಲ್ಲೇ ಹೊಸೆದು, ಟೇಪು ಸುತ್ತಿ, ಮೇಲೆ ಗಾರೆ ಬಳಿದಿದ್ದರು. ಆ ಎರಡು ಲೋಹ ಹಾಗೆ ನೇರ ಸೇರಿದರೆ ಜೋಡಣೆ ಬರಬರುತ್ತ ಕೆಟ್ಟು ಕಾಯುತ್ತದೆ. ಟೇಪು ಕರಗಿ ಹರಿದಿತ್ತು. ಹಿಂದಿನ ಮರದ ಪಟ್ಟಿ ಇದ್ದಿಲಾಗಿತ್ತು.

ಆಮೇಲೇನಾಯಿತು? ಜೋಡಣೆ ಸರಿಯಾಯಿತು. ನಗರಸಭೆಯ ಪತ್ರಿಕೆಯಲ್ಲಿ 'ತಪಾಸಣಾ ಸಮಿತಿಯ ಮುನ್ನೆಚ್ಚರಿಕೆಯಿಂದ ಅಪಾಯ ತಪ್ಪಿತು' ಎಂದು ಫೋಟೋ ಸಮೇತ ಬಂತು. ಫೋಟೋದಲ್ಲಿ ಡ್ರಾಗನೋವ್ ಇದ್ದಾರೆ, ಮಿಂಕಾ ಇಲ್ಲ. ಅವಳ ಎಚ್ಚರಿಕೆ ಪತ್ರ ಇವತ್ತಿಗೂ ಕಡತದಲ್ಲೇ ಇದೆ. ಗೋಡೆ ಮುಚ್ಚಿದ ಗುತ್ತಿಗೆದಾರನನ್ನು ಯಾರೂ ಒಂದು ಮಾತು ಕೇಳಿಲ್ಲ. ಈ ಬೇಸಿಗೆಗೆ ಸೇತುವೆ ಪಕ್ಕದ ಶಾಲೆಯ ನವೀಕರಣವೂ ಅವನಿಗೇ ಹೋಗಿದೆ. ಸುಟ್ಟ ತಂತಿಯಲ್ಲೂ ಸಹಿಯ ದರ್ಜೆ ಹುಡುಕುವವರಿಗೆ ನಾಚಿಕೆ ಎಂಬುದು ಎಷ್ಟು ಓಮ್‌ನ ಆಚೆ ಇದೆಯೋ!

ಆಸೆನ್ ಮಾತ್ರ ಈಗ ದಾರಿಯಲ್ಲಿ ಸಿಕ್ಕರೆ ಟೋಪಿ ತೆಗೆಯುತ್ತಾನೆ. ಎಚ್ಚರಿಕೆ ಪತ್ರ ವಾಪಸ್ ತೆಗೆದುಕೊಳ್ಳುವಂತೆ ಕಚೇರಿಯನ್ನು ಕೇಳಲಿಲ್ಲವೇ ಎಂದರೆ ಮಿಂಕಾ ಮೀಟರಿನ ತಂತಿ ಸುತ್ತುತ್ತ ಭುಜ ಹಾರಿಸುತ್ತಾಳೆ.

"ಅದು ಅಲ್ಲೇ ಕೊಳೀಲಿ ಬಿಡಿ. ಸೇತುವೆ ಪಕ್ಕದ ಶಾಲೇಲಿ ಗಾರೆ ಬಳಿಯೋ ಮೊದ್ಲು ನನ್ನನ್ನ ಒಂದ್ಸಲ ಒಳಗೆ ಬಿಟ್ರೆ ಸಾಕು. ಅರ್ಧ ದಿನ. ಸಹಿ ಯಾರು ಬೇಕಾದ್ರೂ ಹಾಕ್ಕೊಳ್ಳಲಿ."